ಹಳದಿ ಮೀನು ಬಾಯಿ ಬಿಡುವವರೆಗೆ

ನನಗಾಗ ಅರವತ್ತೊಂದು ವರ್ಷ. ಇದು ಆರು ವರ್ಷದ ಹಿಂದಿನ ಮಾತು. ಗಂಡ ಸತ್ತು ಐದು ತಿಂಗಳಾಗಿತ್ತು. ಪಿತೃಪಕ್ಷ ಹಿಡಿಯುವ ಹಿಂದಿನ ದಿನ ಮಧ್ಯಾಹ್ನ ನನ್ನ ಸವತಿ ಲಗೇಜ್ ಆಟೋದಲ್ಲಿ ಬಂದು ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ಇಳಿದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಆಟೋದ ಹಿಂದೆ ಮೂರೂವರೆ ಅಡಿ ಉದ್ದದ ಗಾಜಿನ ಟ್ಯಾಂಕು, ಖಾಲಿ. ಅದರ ಪಕ್ಕದಲ್ಲಿ ಒಂದು ಮೂಟೆ ಕಲ್ಲು, ಮುಚ್ಚಳ ಹಾಕಿದ ಎರಡು ಬಕೆಟ್ಟು. ಬಕೆಟ್ಟಿನೊಳಗೆ ಮೀನು.

ಸವತಿ ಎಂದು ಬರೆಯಲು ನನಗೆ ನಾಚಿಕೆಯಿಲ್ಲ. ಇದ್ದದ್ದು ಇದ್ದ ಹಾಗೆ. ನನ್ನ ಗಂಡ ಬೀದಿಗಳಿಗೆ ಕಾವೇರಿ ನೀರು ಬಿಡುವ ವಾಲ್ವ್‌ಮ್ಯಾನ್ ಆಗಿದ್ದ. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಎಂಬುದು ಅವನಿಗೇ ಗೊತ್ತು. ಹಾಗಾಗಿ ಅವನು ಎಷ್ಟು ಹೊತ್ತಿಗೆ ಎಲ್ಲಿರುತ್ತಾನೆ ಎಂದು ಕೇಳುವವರೇ ಇರಲಿಲ್ಲ. ವಿಶ್ವೇಶ್ವರಪುರದ ಒಂದು ಗಲ್ಲಿಯಲ್ಲಿ ಇವಳ ಜೊತೆ ಹನ್ನೆರಡು ವರ್ಷ ಇನ್ನೊಂದು ಸಂಸಾರ ಮಾಡಿದ. ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು. ತಿಳಿಯುವವರೆಗೆ ಅವನನ್ನು 'ಅವರು' ಎನ್ನುತ್ತಿದ್ದೆ. ತಿಳಿದ ದಿನದಿಂದ 'ಅವನು', ಎದುರಿಗೇ. ಅವನೂ ಅದಕ್ಕೆ ಒಗ್ಗಿಕೊಂಡ.

ಇವಳನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ಎರಡೇ ಸಲ. ಒಮ್ಮೆ ಆಸ್ಪತ್ರೆಯ ಮೆಟ್ಟಿಲಲ್ಲಿ, ಇನ್ನೊಮ್ಮೆ ಅವನ ಹೆಣ ಎತ್ತಿದ ದಿನ, ನಮ್ಮ ಗೇಟಿನ ಆಚೆ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಮಕ್ಕಳಿಲ್ಲ.

"ಅಕ್ಕ, ಅಮಾಸೆವರ್ಗೂ ಇರ್ತೀನಿ. ನಾನಿದ್ದ ಕಟ್ಟಡ ಕೆಡವ್ತಾವ್ರೆ. ಅಮಾಸೆ ದಿನ ನನ್ ತಮ್ಮ ಬಂದು ಮಾಗಡಿಗೆ ಕರ್ಕೊಂಡ್ಹೋಗ್ತಾನೆ," ಎಂದಳು.

"ಇವತ್ತೇ ಯಾಕ್ ಹೋಗಲ್ಲ?"

"ಅವ್ರಿಗೆ ಎಡೆ ಇಕ್ಕೋದು ನೋಡ್ಬೇಕು ಅಕ್ಕ. ಇದೇ ಮೊದಲ್ನೇದು."

"ಮತ್ತೆ ಈ ಮೀನು?"

ಅವಳು ಬಕೆಟ್ಟಿನ ಕಡೆ ನೋಡಿದಳು. "ತಮ್ಮ ಮೀನು ಬೇಡ ಅಂದವ್ನೆ. ನನ್ನ ಕಳ್ಸಿದ್ರೂ ಪರವಾಗಿಲ್ಲ, ಇವುನ್ನ ನೀವು ಇಟ್ಕೊಳಿ. ಅವ್ರು ಸಾಕಿದ್ದು."

ನಾನು ಬಾಯಿ ತೆರೆದು ಏನೋ ಅನ್ನುವವಳಿದ್ದೆ. ಅಷ್ಟರಲ್ಲಿ ಆಟೋದವನು, "ಬೇಗ ಇಳಿಸ್ಕೊಳ್ರಮ್ಮ, ನೀರು ಚೆಲ್ತೈತೆ, ಗಾಡಿ ಎಲ್ಲಾ ವಾಸ್ನೆ," ಎಂದು ಕೂಗಿದ. ಇಳಿಸಿಕೊಂಡೆವು. ಯೋಚನೆ ಮಾಡಿ ಒಳಗೆ ಕರೆದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ನಡುಮನೆಯಲ್ಲಿ ಅವನ ಮಂಚ ಇದ್ದ ಜಾಗ ಖಾಲಿಯಿತ್ತು. ಟ್ಯಾಂಕು ಅಲ್ಲಿ ಕೂತಿತು. ಕಲ್ಲು ಜೋಡಿಸಿ, ನೀರು ತುಂಬಿ ಮೀನು ಬಿಟ್ಟದ್ದು ಅವಳೇ; ನಾನು ಆ ಕಡೆ ತಿರುಗಿ ನೋಡಲಿಲ್ಲ. ಶೇಷಾದ್ರಿಪುರಂನಲ್ಲಿರುವ ನನ್ನ ಮಗಳಿಗೆ ಸಂಜೆಯೊಳಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಫೋನ್ ಮಾಡಿದಳು.

"ಅಮ್ಮ, ನಿನಗೆ ತಲೆಗಿಲೆ ಕೆಟ್ಟಿದ್ಯಾ? ಆ ಹೆಂಗಸನ್ನ ಮನೆಯೊಳಗೆ ಬಿಟ್ಕೊಂಡಿದ್ಯಂತೆ?"

"ಹದಿನೈದು ದಿನ ಕಣೆ. ಮೀನಿನ ಜೊತೆಗೆ ಬಂದವ್ಳೆ."

"ಮೀನಾ?" ಎಂದವಳೇ ಫೋನ್ ಇಟ್ಟುಬಿಟ್ಟಳು.

ಟ್ಯಾಂಕಿನಲ್ಲಿದ್ದದ್ದು ಒಂಬತ್ತು ಮೀನು, ನಾಲ್ಕು ಜಾತಿ. ಹಳದಿ ನಾಲ್ಕು, ಕಿತ್ತಳೆ ಬಣ್ಣದ್ದು ಎರಡು, ಬೂದುಬಣ್ಣದ್ದು ಎರಡು. ಮತ್ತೆ ಒಂದೇ ಒಂದು ನೀಲಿ, ಮೈಮೇಲೆ ಕಪ್ಪು ಪಟ್ಟೆ. ಎಲ್ಲವನ್ನೂ ಸೇರಿಸಿ ಸಿಕ್ಲಿಡ್ ಅನ್ನುತ್ತಾರೆ. ಆಫ್ರಿಕಾದ ಯಾವುದೋ ಕೆರೆಯವಂತೆ. ಅಲ್ಲಿ ಬಂಡೆಯ ಸಂದಿಯಲ್ಲಿ ಇರುತ್ತವಂತೆ, ಅದಕ್ಕೇ ಟ್ಯಾಂಕಿನ ತುಂಬ ಕಲ್ಲು. ಒಂದೊಂದು ಮೀನಿಗೂ ಒಂದೊಂದು ಕಲ್ಲು. ನನ್ನ ಕಲ್ಲಿನ ಹತ್ತಿರ ನೀನು ಬಂದರೆ ಕಚ್ಚುತ್ತೇನೆ, ಅಷ್ಟೇ ಅವುಗಳ ಬಾಳು. ನೀಲಿಯದು ಮಾತ್ರ ಬೇರೆ ಲೆಕ್ಕ. ಎಲ್ಲ ಕಲ್ಲೂ ಅದರದೇ. ಮಿಕ್ಕ ಎಂಟೂ ಮೂಲೆಯಲ್ಲಿ ಗುಂಪಾಗಿ ನಿಂತು ಅದರ ಮುಖ ನೋಡಬೇಕು.

"ಬೇರೆ ಬೇರೆ ಜಾತೀನ ಯಾಕ್ ಸೇರ್ಸಿದ್ದು?" ಎಂದು ಕೇಳಿದೆ.

"ಅಂಗ್ಡಿಯವ್ರು ಬೇಡ ಅಂದ್ರಂತೆ ಅಕ್ಕ. ಇವ್ರು ಕೇಳ್ಲಿಲ್ಲ. ಒಂದೇ ಬಣ್ಣ ಇದ್ರೆ ಏನ್ ಚೆಂದ ಅಂದ್ರು."

"ಹೂಂ, ಅವನ ಬುದ್ಧಿ ಅದೇ ಅಲ್ವಾ."

ಅವಳು ತಲೆ ಬಗ್ಗಿಸಿದಳು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮೊದಲ ಮೂರು ದಿನ ನಾವಿಬ್ಬರೂ ಮಾತಾಡಿದ್ದು ಉಪ್ಪು ಎಲ್ಲಿದೆ, ನೀರು ಬಂತಾ, ಇಷ್ಟೇ. ಅವಳು ನಾಲ್ಕಕ್ಕೇ ಎದ್ದು ನನ್ನ ಅಂಗಳ ಗುಡಿಸಿ ರಂಗೋಲಿ ಬಿಡುತ್ತಿದ್ದಳು. ನನಗೆ ಅದು ಸರಿಬರುತ್ತಿರಲಿಲ್ಲ. ನಾನು ಎದ್ದು ಆ ರಂಗೋಲಿಯ ಪಕ್ಕ ಇನ್ನೊಂದು ಬಿಡುತ್ತಿದ್ದೆ. ಬೀದಿಯವರು ಏನಂದುಕೊಂಡರೋ.

ಐದನೆಯ ದಿನ ಕಾಳು ಹಾಕುವಾಗ ನೋಡಿದೆ, ಹಳದಿಯಲ್ಲಿ ಒಂದು ಮೀನು ತಿನ್ನಲು ಬರಲಿಲ್ಲ. ಗದ್ದ ಊದಿಕೊಂಡಿತ್ತು.

"ಏ, ಬಾ ಇಲ್ಲಿ. ನಿನ್ ಮೀನಿಗೆ ಮಂಗನಬಾವು ಆಗೈತೆ ನೋಡು."

ಅವಳು ಓಡಿ ಬಂದು ಗಾಜಿಗೆ ಮೂಗು ಒತ್ತಿ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ನಮ್ಮ ಮನೆಯಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಸೆರಗು ಬಾಯಿಗೆ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಮಂಗನಬಾವಲ್ಲ ಅಕ್ಕ! ಮೊಟ್ಟೆ ಇಟ್ಕೊಂಡವ್ಳೆ ಬಾಯಲ್ಲಿ. ಬಾಯೊಳಗೇ ಮರಿ ಮಾಡ್ತಾಳೆ. ಇನ್ನು ಮೂರು ವಾರ ಒಂದು ಕಾಳೂ ತಿನ್ನಲ್ಲ."

"ತಿನ್ನಲ್ವಾ?"

"ತಿಂದ್ರೆ ಮರಿ ಹೊಟ್ಟೆಗೆ ಹೋಗ್ಬಿಡ್ತವಲ್ಲ."

ನಾನು ಒಂದು ಹೆತ್ತವಳು. ಇನ್ನೆರಡು ಹೊಟ್ಟೆಯಲ್ಲೇ ಹೋದವು. ನಮ್ಮತ್ತೆ ಬಾಣಂತನದಲ್ಲೂ ನನ್ನನ್ನು ಅರೆಹೊಟ್ಟೆಯಲ್ಲಿ ಇಟ್ಟವಳು. ಆದರೂ ಮೂರು ವಾರ ಬಾಯಿ ಬಿಗಿಹಿಡಿದು ಇರುವುದು ನನ್ನ ಕೈಲಾಗುತ್ತಿರಲಿಲ್ಲ. ಆ ಮೀನಿನ ಮುಂದೆ ಸ್ವಲ್ಪ ಹೊತ್ತು ಕೂತೆ. ಅವಳೂ ಕೂತಳು.

"ಹೋದ ಸಲಾನೂ ಹಿಂಗೇ ಇಟ್ಕೊಂಡಿದ್ಲು ಅಕ್ಕ. ನೀಲಿ ಅಟ್ಟಿಸ್ಕೊಂಡ್ ಅಟ್ಟಿಸ್ಕೊಂಡ್ ಉಗುಳಿಸ್ಬಿಡ್ತು. ಉಗುಳಿದ್ನೆಲ್ಲ ತಿಂತು. ಒಂದೂ ಉಳೀಲಿಲ್ಲ. ಅವತ್ತು ಅವ್ರು ಆಸ್ಪತ್ರೇಲಿದ್ರು, ನಾನ್ ಹೇಳ್ಲೇ ಇಲ್ಲ." ಆಮೇಲೆ ಹೇಳಿದಳು: "ಈ ಸಲ ಇವಳು ಮರಿ ಬಿಡೋದು ಒಂದು ನೋಡ್ಬೇಕು ಅಂತ ಆಸೆ. ಅಷ್ಟರಲ್ಲಿ ಅಮಾಸೆ ಬಂದ್ಬಿಡುತ್ತೆ."

ಅವಳ ತಮ್ಮನ ಮನೆಯಲ್ಲಿ ಅವಳಿಗೆ ಕಾಯ್ದಿಟ್ಟದ್ದು ಏನು ಎಂದು ಅವಳ ಅರೆಬರೆ ಮಾತಿನಿಂದಲೇ ನನಗೆ ತಿಳಿದಿತ್ತು. ಮೂರು ಮಕ್ಕಳು, ಎರಡು ಹಸು, ತಮ್ಮನ ಕಾಯಿಲೆಯ ಅತ್ತೆ. ಕೂಲಿ ಇಲ್ಲದ ಕೆಲಸದವಳು ಬೇಕಾಗಿತ್ತು ಅವರಿಗೆ. ಕೇಳಿದರೆ, "ಅವ್ನು ಒಳ್ಳೇವ್ನೇ ಅಕ್ಕ," ಎನ್ನುತ್ತಿದ್ದಳು. ಒಳ್ಳೆಯವರ ಮನೆಗೆ ಹೋಗುವವರ ಮುಖ ಹಾಗಿರುವುದಿಲ್ಲ.

ಇನ್ನು ನಾನು ಮಾಡಿದ ಕೆಲಸ ಹೇಳಬೇಕು. ಅಮಾವಾಸ್ಯೆಗೆ ಮೂರು ದಿನ ಇತ್ತು. ಎಡೆ ಇಡುವ ಮುಂಚೆ ಮನೆಯಲ್ಲಿ ತೊಳೆಯದ ವಸ್ತು ಇರಬಾರದು. ಅವಳು ಹಳೆಯ ಮನೆಯಲ್ಲಿ ಉಳಿದಿದ್ದ ಪಾತ್ರೆ ತರಲು ಹೋಗಿದ್ದಳು. ನಾನು ಗೋಡೆ ಒರೆಸಿದೆ, ಹಿತ್ತಾಳೆ ಬೆಳಗಿದೆ. ಕಣ್ಣಿಗೆ ಟ್ಯಾಂಕು ಬಿತ್ತು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಕಲ್ಲಿನ ಮೇಲೆ ಪಾಚಿ. ಇದನ್ನು ಇಟ್ಟುಕೊಂಡು ಸತ್ತವನನ್ನು ಊಟಕ್ಕೆ ಕರೆಯುವುದೇ ಎನಿಸಿತು.

ನಾನು ವಾಲ್ವ್‌ಮ್ಯಾನ್ ಹೆಂಡತಿ. ನಮ್ಮ ಮನೆಯಲ್ಲಿ ನಿನ್ನೆಯ ನೀರು ಎಂದರೆ ಎಂಜಲು ಇದ್ದ ಹಾಗೆ. ನಲ್ಲಿಯಲ್ಲಿ ನೀರು ಬಂದ ಕೂಡಲೇ ಹಳೆಯದನ್ನು ಚೆಲ್ಲಿ ಹೊಸದು ತುಂಬಬೇಕು. ನಲವತ್ತು ವರ್ಷ ನಡೆದುಬಂದ ಪದ್ಧತಿ. ಬೀದಿಯ ಹೆಂಗಸರೆಲ್ಲ ಡ್ರಮ್ಮಿನಲ್ಲಿ ವಾರದ ನೀರು ಇಟ್ಟುಕೊಂಡಿದ್ದರೆ, ನನ್ನ ಕೊಡದಲ್ಲಿ ಮಾತ್ರ ಆಗ ಬಿಟ್ಟ ನೀರು. ಅದು ನನ್ನ ಜಂಬ.

ಮೀನು ಹಿಡಿದು ಬಕೆಟ್ಟಿಗೆ ಹಾಕಿದೆ. ಟ್ಯಾಂಕಿನ ನೀರೆಲ್ಲ ಚರಂಡಿಗೆ. ಕಲ್ಲುಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಗಾಳಿ ಮೋಟಾರಿಗೆ ಸಿಕ್ಕಿಸಿದ್ದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿದೆ. ಕಲ್ಲನ್ನು ಸಿಕ್ಕಿದ ಕಡೆ ಇಟ್ಟು, ಆಗ ಬಂದ ಕಾವೇರಿ ನೀರನ್ನು ಪೈಪಿನಲ್ಲಿ ತುಂಬಿಸಿ, ಮೀನು ಬಿಟ್ಟೆ. ಗಾಜು ಕನ್ನಡಿಯಂತಿತ್ತು. ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದೆ. ಬರಲಿ ಅವಳು, ನೋಡಲಿ ಎಂದುಕೊಂಡೆ.

ಅವಳು ಬರುವ ಹೊತ್ತಿಗೆ ಮೀನುಗಳೆಲ್ಲ ಮೇಲಕ್ಕೆ ಬಂದು, ನೀರಿನ ಹೊರಗೆ ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ನೀಲಿಯೂ. ಒಂದು ಕಿತ್ತಳೆ ಪಕ್ಕಕ್ಕೆ ವಾಲಿತ್ತು. ಎಂಟೂ ಬಾಯಿ ತೆರೆದಿದ್ದವು. ಆ ಹಳದಿ ಒಬ್ಬಳು ಮಾತ್ರ ಬಾಯಿ ಮುಚ್ಚಿಕೊಂಡು, ಕಿವಿರು ಪಟಪಟ ಬಡಿಯುತ್ತ ನಿಂತಿದ್ದಳು.

ಅವಳು ಪಾತ್ರೆಯ ಮೂಟೆ ಬಾಗಿಲಲ್ಲೇ ಬಿಟ್ಟಳು. "ಅಕ್ಕ, ನಲ್ಲಿ ನೀರು ಹಾಕಿದ್ರಾ?"

"ಆಗ ಬಿಟ್ಟ ನೀರು ಕಣೆ, ಒಳ್ಳೇದು..."

"ಅದ್ರಲ್ಲಿ ಔಷಧಿ ಇರುತ್ತಕ್ಕ! ಎರಡು ದಿನ ಇಟ್ಟು ಹಾಕ್ಬೇಕು. ಅವ್ರೇ ಹೇಳ್ತಿದ್ರು, ನಾನ್ ಬಿಡೋ ನೀರು ಮೀನಿಗೆ ವಿಷ ಅಂತ."

ನನಗೆ ನಲವತ್ತು ವರ್ಷದಲ್ಲಿ ಒಂದು ದಿನವೂ ಅವನು ಹಾಗೆ ಹೇಳಿರಲಿಲ್ಲ.

ಅವಳು ಬಯ್ಯಲಿಲ್ಲ. ಚೀಲ ಕೆದಕಿ ಒಂದು ಪುಟ್ಟ ಬಾಟಲಿ ತೆಗೆದು, ನಲ್ಲಿ ನೀರಿನ ಔಷಧಿಯನ್ನು ಮುರಿಯುವ ಹನಿಯನ್ನು ಟ್ಯಾಂಕಿಗೆ ಹಾಕಿದಳು. "ಎಲ್ಲಾದ್ರೂ ಹಳೇ ನೀರು ಐತಾ?" ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಬಿಂದಿಗೆ ಎತ್ತಿಕೊಂಡು ಪಕ್ಕದ ಮನೆಗೆ ಓಡಿದೆ. "ನಿಮ್ ಡ್ರಮ್ಮಿನ ಹಳೇ ನೀರು ಕೊಡ್ರಮ್ಮ," ಎಂದು ನಾನು ಕೇಳಿದ್ದನ್ನು ಆ ಮನೆಯವಳು ಈಗಲೂ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ನಾನು ಹೊರುವುದು, ಅವಳು ಅರ್ಧ ತೆಗೆದು ಅರ್ಧ ಸುರಿಯುವುದು. ಎಷ್ಟು ಬಿಂದಿಗೆ ಹೊತ್ತೆನೋ. ಮಂಡಿ ಹಿಡಿದುಕೊಂಡಿತು. ಸಂಜೆಗೆ ಮೀನುಗಳು ಒಂದೊಂದಾಗಿ ಕೆಳಗೆ ಇಳಿದವು. ಆ ಕಿತ್ತಳೆ ಉಳಿಯಲಿಲ್ಲ. ಹಳದಿಯ ಗದ್ದ ಹಾಗೇ ಊದಿತ್ತು.

"ಬಿಟ್ಟಿಲ್ಲ ಅಕ್ಕ ಅವಳು," ಎಂದಳು. ನನ್ನ ಮಂಡಿಗೆ ಕೊಬ್ಬರಿ ಎಣ್ಣೆ ಉಜ್ಜುತ್ತ ಹೇಳಿದಳು. ನಾನು ಉಜ್ಜು ಎಂದು ಹೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಒಂದು ವಿಚಿತ್ರ ನಡೆಯಿತು. ಮಾರನೆಯ ದಿನವೆಲ್ಲ ನೀಲಿ ಯಾರನ್ನೂ ಕಚ್ಚಲಿಲ್ಲ. ದಾರಿ ತಪ್ಪಿದವನ ಹಾಗೆ ಈ ಕಲ್ಲು, ಆ ಕಲ್ಲು ಮೂಸಿಕೊಂಡು ಓಡಾಡಿತು.

"ನೀವು ಕಲ್ಲು ಜಾಗ ಬದಲಾಯ್ಸಿದ್ರಲ್ಲ ಅಕ್ಕ, ಅದಕ್ಕೆ. ಹೊಸ ಮೀನು ತಂದಾಗ್ಲೆಲ್ಲ ಅವ್ರೂ ಹಿಂಗೇ ಮಾಡ್ತಿದ್ರು. ಎಲ್ಲಾ ಕಲ್ಲೂ ಎತ್ತಿ ಬೇರೆ ಕಡೆ ಇಟ್ರೆ, ಇದು ನಂದು ಅನ್ನಕ್ಕೆ ಯಾರ್ಗೂ ಆಗಲ್ಲ."

"ಮೀನಿಗಾದ್ರೆ ಇಷ್ಟೆಲ್ಲ ತಿಳೀತಿತ್ತಾ ಅವನಿಗೆ?" ಎಂದೆ. ಇಬ್ಬರೂ ನಕ್ಕೆವು. ಅವಳು ಮೊದಲು ನಕ್ಕಳೋ ನಾನೋ ನೆನಪಿಲ್ಲ.

ಆದರೂ ನನಗೆ ಸಮಾಧಾನವಾಗದೆ ಅವನು ಮೀನು ತರುತ್ತಿದ್ದ ಬಸವನಗುಡಿಯ ಅಂಗಡಿಗೆ ಹೋದೆ. ಹನಿಯ ಬಾಟಲಿ ಇನ್ನೊಂದು ತಂದ ಹಾಗೂ ಆಯಿತು ಎಂದು. ಅಂಗಡಿಯವನಿಗೆ ನನ್ನ ಗಂಡನ ಗುರುತು ಚೆನ್ನಾಗಿತ್ತು.

"ಕಲ್ಲು ಎತ್ತಿಟ್ಟಿದ್ದು ಎರಡು ಮೂರು ದಿನ ಅಷ್ಟೇ ಅಮ್ಮ. ಆಮೇಲೆ ಅದು ಮತ್ತೆ ಎಲ್ಲಾ ನಂದೇ ಅನ್ನುತ್ತೆ. ಸಿಕ್ಲಿಡ್‌ನಲ್ಲೂ ಕೆಲವು ಹೊಂದ್ಕೊಂಡು ಹೋಗ್ತವೆ. ಹಳದಿ ಹೊಂದ್ಕೊಳ್ಳುತ್ತೆ. ಆ ನೀಲಿ ಗಂಡು ಇದೆಯಲ್ಲ, ಅದು ಇರೋವರ್ಗೂ ಮರಿ ಉಳಿಯಲ್ಲ. ಯಜಮಾನ್ರಿಗೆ ಎಷ್ಟ್ ಸಲ ಹೇಳ್ದೆ. ತಂದ್ಕೊಡಿ, ನಾನ್ ಇಟ್ಕೋತೀನಿ."

ಮನೆಗೆ ಬಂದು ಹೇಳಿದೆ. ಅವಳ ಮುಖ ಸಣ್ಣಗಾಯಿತು. "ಬೇಡ ಅಕ್ಕ. ಅದೊಂದ್ರ ಮೇಲೆ ಅವ್ರಿಗೆ ಪ್ರಾಣ. ಕೊನೇಲೂ ಕೇಳಿದ್ದು, ನೀಲಿಗೆ ಹಾಕಿದ್ಯಾ ಅಂತ."

ನನ್ನನ್ನು ಕೊನೆಯಲ್ಲಿ ಕೇಳಿದ್ದು, ಕರೆಂಟ್ ಬಿಲ್ಲು ಕಟ್ಟಿದ್ಯಾ ಎಂದು.

ಅಮಾವಾಸ್ಯೆಯ ದಿನ ಮಗಳು ಬಂದಳು. ಅವಳೊಂದು ಮೂಲೆ, ಇವಳೊಂದು ಮೂಲೆ. ನಾನು ಬಾಡಿನ ಸಾರು, ಮುದ್ದೆ, ವಡೆ, ಕಜ್ಜಾಯ ಮಾಡಿದೆ. ಒಂದು ಕಟ್ಟು ಬೀಡಿ ತರಿಸಿದೆ. ನಡುಮನೆಯಲ್ಲಿ ಎಲೆ ಹಾಕಿ ಬಡಿಸುವಾಗ, ಇವಳು ಅಡುಗೆಮನೆಯ ಬಾಗಿಲಲ್ಲಿ ಒಂದು ಬಟ್ಟಲು ಹಿಡಿದು ನಿಂತಿದ್ದಳು. ಹಾಗಲಕಾಯಿ ಗೊಜ್ಜು.

"ಅಪ್ಪನ ಎಡೆಗೆ ಹಾಗಲಕಾಯಾ?" ಎಂದಳು ಮಗಳು. "ಅಪ್ಪ ಅದನ್ನ ಕಂಡ್ರೆ ಎದ್ ಹೋಗ್ತಿದ್ರು."

"ನಮ್ಮನೇಲಿ ಎರಡು ಸಲ ಹಾಕಿಸ್ಕೋತಿದ್ರು," ಎಂದಳು ಇವಳು, ಮೆಲ್ಲಗೆ. "ಸಕ್ಕರೆ ಕಾಯ್ಲೆಗೆ ಒಳ್ಳೇದು ಅಂತ."

ನಾನು ಅವನಿಗೆ ಹಾಗಲಕಾಯಿ ತಿನ್ನಿಸಲು ಹತ್ತು ವರ್ಷ ಒದ್ದಾಡಿದವಳು. ಕಳ್ಳ. "ಬಂದು ನೀನೇ ಇಡು, ನಿಂತ್ಕೊಂಡ್ರೆ ಆರೋಗುತ್ತೆ," ಎಂದೆ. ಅವಳು ಬಂದಳು. ಬಡಿಸುವಾಗ ಗೊಜ್ಜು ಸ್ವಲ್ಪ ಕಜ್ಜಾಯದ ಮೇಲೆ ಬಿತ್ತು. ಮಗಳು ನನ್ನ ಮುಖ ನೋಡಿದಳು, ಆಮೇಲೆ ಎಲೆ ಸರಿಮಾಡಿದಳು.

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಣ್ಣುವವರೆಗೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಜಗುಲಿಯ ಮೇಲೆ ಮೂವರೂ ಕೂತೆವು. ಒಳಗಿನಿಂದ ಗಾಳಿ ಮೋಟಾರಿನ ಗುಳುಗುಳು ಕೇಳುತ್ತಿತ್ತು. ಅಷ್ಟರಲ್ಲಿ ಬೈಕಿನಲ್ಲಿ ಅವಳ ತಮ್ಮ ಬಂದ.

"ಅಕ್ಕ, ಹೊರಡಣ್ವಾ? ಚೀಲ ಎಲ್ಲಿ?"

"ಒಳಗೈತೆ," ಎಂದಳು.

"ತಗೊಂಬಾ ಮತ್ತೆ. ಹಾಲು ಕರೆಯೋ ಹೊತ್ತಿಗೆ ಹೋಗ್ಬೇಕು."

"ನಿನ್ ಭಾವ ಊಟ ಮಾಡ್ತಾವ್ನೆ," ಎಂದೆ ನಾನು. "ಬಾಗ್ಲು ತೆಗೆಯಂಗಿಲ್ಲ. ಕೂತ್ಕೊ."

ಅವನು ಕೂತ. ಗಡಿಯಾರ ನೋಡಿದ. ಇವಳು ಕೈಬೆರಳು ನುಲಿಯುತ್ತ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಬೆಳಿಗ್ಗೆಯಿಂದ ನಾನೂ ನೋಡಿದ್ದೆ, ನೀಲಿಗೆ ಮತ್ತೆ ಧೈರ್ಯ ಬಂದಿತ್ತು. ದೊಡ್ಡ ಕಲ್ಲು ಹಿಡಿದಿತ್ತು. ಹಳದಿಯನ್ನು ಸ್ಪಂಜಿನ ಹಿಂದಕ್ಕೆ ಅಟ್ಟಿತ್ತು. ಇವಳು ಇವತ್ತು ಹೋದರೆ, ಆ ಮೀನು ನಾಳೆಯೋ ನಾಡಿದ್ದೋ ಉಗುಳಿಬಿಡುತ್ತದೆ. ನೀಲಿ ತಿನ್ನುತ್ತದೆ. ನಾನು ಗಾಜಿನ ಮುಂದೆ ಒಬ್ಬಳೇ ಕೂತು ಅದನ್ನು ನೋಡಬೇಕು. ನನಗೆ ಅದು ಬೇಕಾಗಿರಲಿಲ್ಲ.

"ಅವಳು ಬರಲ್ಲಪ್ಪ," ಎಂದೆ.

"ಬರಲ್ಲ ಅಂದ್ರೆ?"

"ಮನೇಲಿ ಬಸುರಿ ಮೀನು ಐತೆ. ನನಗೆ ಮೀನು ನೋಡ್ಕೊಳ್ಳೋಕೆ ಬರಲ್ಲ. ಮೊನ್ನೆ ಒಂದನ್ನ ಕೊಂದಿದೀನಿ."

"ಮೀನಿಗೋಸ್ಕರಾನಾ? ಎಷ್ಟ್ ದಿನ?"

"ಮರಿ ಬಿಡ್ಬೇಕು. ಮರಿ ದೊಡ್ಡದಾಗ್ಬೇಕು. ಅವು ಮತ್ತೆ ಮರಿ ಹಾಕ್ತವೆ. ನನ್ನ ಕೇಳಿದ್ರೆ ನಾನೇನ್ ಹೇಳ್ಲಿ?"

ಅವನು ಅಕ್ಕನ ಕಡೆ ತಿರುಗಿದ. "ನೀನ್ ಹೇಳಕ್ಕ."

ಇವಳು ಬಾಯಿ ತೆರೆಯಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು. ಆಗ ನನ್ನ ಮಗಳು ಎದ್ದು ಸೀರೆ ಕೊಡವಿಕೊಂಡು, "ಚಿಕ್ಕಮ್ಮ, ಇಷ್ಟು ಹೊತ್ತಿಗೆ ಅಪ್ಪ ತಿಂದು ಮುಗಿಸಿರ್ತಾರೆ, ಬಾಗಿಲು ತೆಗೀರಿ. ಎಲ್ಲರಿಗೂ ಹಸಿವು," ಎಂದಳು.

ಇವಳೇ ಎದ್ದು ಬಾಗಿಲು ತೆಗೆದಳು. ತಮ್ಮ ಹೊಟ್ಟೆತುಂಬ ಉಂಡ, ಹಾಗಲಕಾಯಿಯನ್ನೂ ಬಿಡಲಿಲ್ಲ. ದೀಪಾವಳಿಗೆ ಬಂದು ಹೋಗಕ್ಕ ಎಂದು ಹೇಳಿ, ಚೀಲವಿಲ್ಲದೆ ಬೈಕು ಹತ್ತಿದ.

ಮರುದಿನ ಬೆಳಿಗ್ಗೆ ನಾನು ಅವಳನ್ನು ಕೇಳದೆ ಟ್ಯಾಂಕಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿದೆ. ಜಾಲರಿ ಹಾಕಿ ನೀಲಿಯನ್ನು ಹಿಡಿದೆ. ಮೂರನೆಯ ಸಲಕ್ಕೆ ಸಿಕ್ಕಿತು. ಟ್ಯಾಂಕಿನ ನೀರನ್ನೇ ಹಾಲಿನ ಕ್ಯಾನಿಗೆ ತುಂಬಿ ಅದರೊಳಗೆ ಬಿಟ್ಟೆ.

ಅವಳು ಅಡುಗೆಮನೆಯಿಂದ ಬಂದು ನಿಂತಳು. "ಅಕ್ಕ, ಅದು ಅವ್ರ ಪ್ರಾಣ..."

"ಗೊತ್ತು. ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಒಳ್ಳೇ ಅಂಗ್ಡಿಗೆ ಕೊಡ್ತಿದೀನಿ."

ಅವಳು ಕ್ಯಾನಿನೊಳಗೆ ಬಗ್ಗಿ ನೋಡಿ, ನಾಲ್ಕು ಕಾಳು ಹಾಕಿದಳು. ಆಮೇಲೆ ಮುಚ್ಚಳವನ್ನು ಅವಳೇ ಮುಚ್ಚಿದಳು.

ನಡೆದುಕೊಂಡೇ ಬಸವನಗುಡಿಗೆ ಹೋದೆ. ಅಂಗಡಿಯವನು ಆಗ ತಾನೇ ಷಟರ್ ಎತ್ತುತ್ತಿದ್ದ. ಕ್ಯಾನಿನೊಳಗೆ ನೋಡಿ, "ಯಜಮಾನ್ರ ಮೀನಲ್ವಾ ಇದು? ಮನಸ್ಸು ಹೆಂಗ್ ಬಂತಮ್ಮ ಕೊಡೋಕೆ?" ಎಂದ. ನಾನು, ಈಗ ಹುಟ್ಟುವ ಮರಿಗೆ ಏನು ಹಾಕಬೇಕು ಎಂದು ಕೇಳಿದೆ. ಸಣ್ಣ ಪುಡಿ ಕೊಟ್ಟ. ಖಾಲಿ ಕ್ಯಾನು, ಪುಡಿಯ ಪೊಟ್ಟಣ ಹಿಡಿದು ಮನೆಗೆ ಬಂದೆ. ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ಕಾಫಿ ಇಡು ಎಂದೆ.